ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಕಷಾಯದ ಗಿಡಗಳಿಗೆ ಬಲ ಬರುತ್ತದೆಯೇ?

ವಾಟ್ಸಾಪ್‌ನಲ್ಲಿ ಈ ವಿಷಯದ ಬಗ್ಗೆ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಇಂಗಾಲದ ಡೈಆಕ್ಸೈಡ್ ಗಿಡಗಳ ಆಹಾರ, ಅದು ಹೆಚ್ಚಿದಷ್ಟೂ ಔಷಧಿ ಸಸ್ಯಗಳ ಸತ್ವವೂ ಹೆಚ್ಚುತ್ತದೆ ಎನ್ನುವುದು ಒಂದು. ಗಾಳಿಯೇ ಕೆಟ್ಟಿರುವಾಗ ಈಗಿನ ಗಿಡಮೂಲಿಕೆಗಳಲ್ಲಿ ಏನೂ ಉಳಿದಿಲ್ಲ ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಅರ್ಧ ಸತ್ಯವನ್ನು ನಂಬಿ ಕಷಾಯ ಕುಡಿಯುವುದು ಅಪಾಯ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಇದು ದೂರದ ವಿಷಯವಲ್ಲ. ಹಿತ್ತಲಿನ ಬೇಲಿಯಲ್ಲಿ ಅಮೃತಬಳ್ಳಿ, ಅಡಿಕೆ ತೋಟದ ಬದಿಯಲ್ಲಿ ಒಂದೆಲಗ, ಅಂಗಳದ ಮೂಲೆಯಲ್ಲಿ ನೆಲನೆಲ್ಲಿ ಇಲ್ಲಿ ಮಾಮೂಲು. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ, ಅಂದರೆ ತುಳುವಿನ ಪಾಲೆಯ, ತೊಗಟೆಯ ಕಷಾಯ ಕುಡಿಯದ ಮನೆಗಳೇ ಕಡಿಮೆ. ಹಾಗಾಗಿ ಈ ಗಿಡಗಳೊಳಗೆ ಏನು ಬದಲಾಗುತ್ತಿದೆ ಎಂದು ನೋಡೋಣ.

ಗಾಳಿಯಲ್ಲಿ ಎಷ್ಟಿದೆ?

ಕೈಗಾರಿಕಾ ಕ್ರಾಂತಿಗೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಇದನ್ನೇ 280 ಪಿಪಿಎಂ ಎನ್ನುತ್ತಾರೆ. 1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರು ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಆರಂಭಿಸಿದಾಗ ಅದು ಸುಮಾರು 315 ಆಗಿತ್ತು. 2024ರ ಸರಾಸರಿ 424ನ್ನು ದಾಟಿದೆ. ಈ ಅನಿಲ ಜಗತ್ತಿನ ಗಾಳಿಯಲ್ಲೆಲ್ಲ ಬೆರೆತುಹೋಗುತ್ತದೆ. ಆದ್ದರಿಂದ ನಮ್ಮದು ಹಸಿರು ಊರು, ಕಾರ್ಖಾನೆ ಇಲ್ಲ ಎಂದ ಮಾತ್ರಕ್ಕೆ ಚಾರ್ಮಾಡಿಯ ಕಾಡಿಗೂ ನೇತ್ರಾವತಿ ದಂಡೆಯ ತೋಟಕ್ಕೂ ವಿನಾಯಿತಿ ಇಲ್ಲ.

ಗಿಡ ಔಷಧಿಯನ್ನು ಏಕೆ ತಯಾರಿಸುತ್ತದೆ?

ಗಿಡಗಳು ನಮ್ಮ ಕೆಮ್ಮು ಜ್ವರಕ್ಕೆಂದು ಔಷಧಿ ತಯಾರಿಸುವುದಿಲ್ಲ. ಎಲೆ ತಿನ್ನುವ ಹುಳು, ಕೊಳೆಸುವ ಶಿಲೀಂಧ್ರ, ಸುಡುವ ಬಿಸಿಲು ಇವುಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಅವು ಕಹಿ, ಖಾರ, ಒಗರು, ಘಾಟಿನ ರಾಸಾಯನಿಕಗಳನ್ನು ತಯಾರಿಸುತ್ತವೆ. ನಾವು ಔಷಧೀಯ ಗುಣ ಎನ್ನುವುದು ಬಹುಪಾಲು ಅವುಗಳ ರಕ್ಷಣಾ ಸಾಮಗ್ರಿಯನ್ನೇ.

ಈ ಸಾಮಗ್ರಿಗೆ ಕಚ್ಚಾವಸ್ತು ಬೇಕು. ಟ್ಯಾನಿನ್, ಫ್ಲೇವನಾಯ್ಡ್‌ನಂಥ ಫಿನಾಲಿಕ್ ಸಂಯುಕ್ತಗಳಿಗೆ ಮುಖ್ಯವಾಗಿ ಇಂಗಾಲ ಸಾಕು. ಆಲ್ಕಲಾಯ್ಡ್‌ಗಳಿಗೆ ಸಾರಜನಕವೂ ಬೇಕು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಗಿಡಕ್ಕೆ ಇಂಗಾಲ ಧಾರಾಳವಾಗಿ ಸಿಗುತ್ತದೆ, ಆದರೆ ಮಣ್ಣಿನ ಸಾರಜನಕ ಇದ್ದಷ್ಟೇ ಇರುತ್ತದೆ. ಹಿಟ್ಟು ಎರಡರಷ್ಟಾಗಿ ಉಪ್ಪು ಮೊದಲಿನಷ್ಟೇ ಇದ್ದರೆ ದೋಸೆ ಹೆಚ್ಚುತ್ತದೆ, ರುಚಿ ಬದಲಾಗುತ್ತದೆ. ಇಲ್ಲಿಯೂ ಹಾಗೆಯೇ. ಹೀಗಾಗಿ ಫಿನಾಲಿಕ್‌ಗಳು ಹೆಚ್ಚಬಹುದು, ಸಾರಜನಕ ಬೇಡುವ ವಸ್ತುಗಳು ಕಡಿಮೆಯಾಗಬಹುದು ಎಂದು ವಿಜ್ಞಾನಿಗಳು ಊಹಿಸಿದ್ದರು.

ಪ್ರಯೋಗಗಳು ಏನು ಹೇಳುತ್ತವೆ?

ಮಲೇಷ್ಯಾದಲ್ಲಿ ಶುಂಠಿಯ ಎರಡು ತಳಿಗಳನ್ನು 400 ಮತ್ತು 800 ಪಿಪಿಎಂ ಗಾಳಿಯಲ್ಲಿ ಬೆಳೆಸಿ ನೋಡಿದರು. ಹೆಚ್ಚಿನ ಪ್ರಮಾಣದಲ್ಲಿ ಬೆಳೆದ ಶುಂಠಿಯಲ್ಲಿ ಫಿನಾಲಿಕ್ ಮತ್ತು ಫ್ಲೇವನಾಯ್ಡ್‌ಗಳು ಹೆಚ್ಚಾಗಿದ್ದವು. ಊಹೆಗೆ ಸರಿಹೊಂದಿತು.

ಆದರೆ ಅಮೆರಿಕದ ಲೂಯಿಸ್ ಜಿಸ್ಕಾ ಮತ್ತು ಸಂಗಡಿಗರು 2008ರಲ್ಲಿ ಕಾಡು ಗಸಗಸೆ ಗಿಡದ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಮಾರ್ಫಿನ್, ಕೊಡೀನ್‌ನಂಥ ಆಲ್ಕಲಾಯ್ಡ್‌ಗಳೂ ಹೆಚ್ಚಿದವು. ಇಲ್ಲಿ ಊಹೆ ತಲೆಕೆಳಗಾಯಿತು. ಹೃದಯದ ಔಷಧಿ ಡಿಗಾಕ್ಸಿನ್ ಸಿಗುವ ಡಿಜಿಟಾಲಿಸ್ ಗಿಡದ ಮೇಲೆ ಜರ್ಮನಿಯಲ್ಲಿ ನಡೆದ ಪ್ರಯೋಗದಲ್ಲಿ ಡಿಗಾಕ್ಸಿನ್ ಹೆಚ್ಚಾಯಿತು, ಅದೇ ಗುಂಪಿನ ಬೇರೆ ಕೆಲವು ಸಂಯುಕ್ತಗಳು ಕಡಿಮೆಯಾದವು.

ಹೆಚ್ಚುವುದು ಒಳ್ಳೆಯ ವಸ್ತುಗಳು ಮಾತ್ರವಲ್ಲ. ಅಮೆರಿಕದಲ್ಲಿ ಮೈ ತುರಿಸಿ ಗುಳ್ಳೆ ಏಳಿಸುವ ಪಾಯ್ಸನ್ ಐವಿ ಎಂಬ ಬಳ್ಳಿಯಿದೆ. ಚೇರೆ ಮರದ ಸೊನೆ ತಾಗಿ ಮೈಯೆಲ್ಲ ಊದಿಕೊಂಡವರಿಗೆ ಅದರ ಕಾಟ ಸುಲಭವಾಗಿ ಅರ್ಥವಾದೀತು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಇಂಗಾಲದ ಡೈಆಕ್ಸೈಡ್ ಹರಿಸಿದ ಕಾಡಿನಲ್ಲಿ ಆ ಬಳ್ಳಿ ಹುಲುಸಾಗಿ ಬೆಳೆಯಿತಷ್ಟೇ ಅಲ್ಲ, ಅದರ ಉರಿಯೂತ ಹುಟ್ಟಿಸುವ ಎಣ್ಣೆಯೂ ಹೆಚ್ಚು ತೀಕ್ಷ್ಣವಾಯಿತು.

ನಮ್ಮ ದೇಶದಲ್ಲೂ ಇಂಥ ಕೆಲಸ ನಡೆಯುತ್ತಿದೆ. ಹಿಮಾಚಲ ಪ್ರದೇಶದ ಪಾಲಂಪುರದಲ್ಲಿರುವ ಸಿಎಸ್‌ಐಆರ್ ಸಂಸ್ಥೆಯು ತೆರೆದ ಹೊಲದಲ್ಲೇ ಇಂಗಾಲದ ಡೈಆಕ್ಸೈಡ್ ಹರಿಸಿ ಹಿಮಾಲಯದ ಔಷಧಿ ಗಿಡಗಳನ್ನು ಪರೀಕ್ಷಿಸುತ್ತಿದೆ.

ಎಲ್ಲ ಗಿಡಕ್ಕೂ ಒಂದೇ ಉತ್ತರ ಏಕಿಲ್ಲ?

ಗಿಡ ಬದುಕುವುದು ಗಾಳಿಯೊಂದರಿಂದಲ್ಲ. ಪ್ರಯೋಗದ ಕುಂಡದಲ್ಲಿ ಗೊಬ್ಬರ, ನೀರು ಲೆಕ್ಕದಲ್ಲಿ ಸಿಗುತ್ತವೆ. ನಮ್ಮ ಗುಡ್ಡಗಳದ್ದು ಮುರಕಲ್ಲಿನ ಹುಳಿ ಮಣ್ಣು. ಮಳೆಗಾಲದಲ್ಲಿ ಸುರಿಯುವ ಮಳೆ ಅದರ ಪೋಷಕಾಂಶಗಳನ್ನು ತೊಳೆದುಕೊಂಡು ಹೋಗುತ್ತದೆ. ಗೊಬ್ಬರ ಬೀಳುವ ತೋಟದ ಒಂದೆಲಗಕ್ಕೂ ಗುಡ್ಡದ ಬರಡು ಇಳಿಜಾರಿನ ಒಂದೆಲಗಕ್ಕೂ ಉಸಿರಾಡಲು ಅದೇ ಗಾಳಿ, ಆದರೆ ಉಣ್ಣುವ ಊಟ ಬೇರೆ. ಇದರ ಮೇಲೆ ಬಿಸಿಲು, ನೆರಳು, ತಾಪಮಾನ, ಕೊಯ್ಯುವ ತಿಂಗಳು, ಗಿಡದ ವಯಸ್ಸು ಎಲ್ಲವೂ ಸೇರಿ ಸತ್ವವನ್ನು ನಿರ್ಧರಿಸುತ್ತವೆ. ಹಾಗಾಗಿ ಶುಂಠಿಯ ಫಲಿತಾಂಶವನ್ನು ಅಮೃತಬಳ್ಳಿಗೆ, ಗಸಗಸೆಯದನ್ನು ಹಾಲೆ ಮರಕ್ಕೆ ಅಂಟಿಸುವಂತಿಲ್ಲ.

ಹುಲುಸಾಗಿ ಬೆಳೆಯುವುದು ಬೇರೆ, ಸತ್ವ ಹೆಚ್ಚುವುದು ಬೇರೆ ಎಂಬುದಕ್ಕೆ ಅನ್ನವೇ ಸಾಕ್ಷಿ. ಜಪಾನ್ ಮತ್ತು ಚೀನಾದ ಗದ್ದೆಗಳಲ್ಲಿ 18 ಭತ್ತದ ತಳಿಗಳನ್ನು 568ರಿಂದ 590 ಪಿಪಿಎಂನಲ್ಲಿ ಬೆಳೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಕ್ಕಿಯಲ್ಲಿ ಪ್ರೋಟೀನ್ ಸರಾಸರಿ ಶೇ. 10ರಷ್ಟು, ಕಬ್ಬಿಣ ಶೇ. 8ರಷ್ಟು, ಸತು ಶೇ. 5ರಷ್ಟು ಕುಸಿದಿತ್ತು. ಅವುಗಳಲ್ಲಿ ಒಂಬತ್ತು ತಳಿಗಳ ವಿಟಮಿನ್‌ಗಳನ್ನೂ ಅಳೆದಾಗ ಫೋಲೇಟ್ ಶೇ. 30ರಷ್ಟು ಕಡಿಮೆಯಾಗಿ, ವಿಟಮಿನ್ ಇ ಮಾತ್ರ ಹೆಚ್ಚಾಗಿತ್ತು. ದಿನಕ್ಕೆ ಎರಡು ಹೊತ್ತು ಕುಚ್ಚಲಕ್ಕಿ ಗಂಜಿ ಉಣ್ಣುವ ಊರಿಗೆ, ಅದರಲ್ಲೂ ರಕ್ತಹೀನತೆಯಿರುವ ಹೆಣ್ಣುಮಕ್ಕಳಿಗೆ, ಕಷಾಯದ ಸತ್ವಕ್ಕಿಂತ ಇದೇ ದೊಡ್ಡ ಚಿಂತೆ.

ಸತ್ವ ಹೆಚ್ಚಿದರೆ ಒಳ್ಳೆಯದೇ ಅಲ್ಲವೇ?

ಅಲ್ಲ. ಔಷಧಿಗೂ ವಿಷಕ್ಕೂ ನಡುವೆ ಇರುವುದು ಪ್ರಮಾಣ. ಡಿಗಾಕ್ಸಿನ್ ಸ್ವಲ್ಪ ಹೆಚ್ಚಾದರೂ ಹೃದಯದ ಲಯ ತಪ್ಪುತ್ತದೆ. ಆದ್ದರಿಂದಲೇ ವೈದ್ಯರು ಅದನ್ನು ಮೈಕ್ರೊಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಮನೆಮದ್ದಿನ ಅಳತೆ ಒಂದು ಹಿಡಿ, ಒಂದು ಚಿಟಿಕೆ, ಅರ್ಧ ಲೋಟ. ಎಲೆಯೊಳಗಿನ ರಾಸಾಯನಿಕ ಬದಲಾದರೂ ಹಿಡಿ ಬದಲಾಗುವುದಿಲ್ಲ. ಅಜ್ಜಿಯ ಕಾಲದ ಒಂದು ಹಿಡಿ ಎಲೆ ಮತ್ತು ಇಂದಿನ ಒಂದು ಹಿಡಿ ಎಲೆ ಒಂದೇ ಎಂದು ಹೇಳಲು ಆಧಾರವಿಲ್ಲ.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಗೆ ಬಂತು. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ರೋಗಿಗಳು ಸೇವಿಸಿದ ವಸ್ತುವನ್ನು ಪರೀಕ್ಷಿಸಿಲ್ಲ, ಅದು ಬೇರೆ ಗಿಡವೂ ಆಗಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಯಾರ ವಾದ ಸರಿ ಎನ್ನುವುದು ಹಾಗಿರಲಿ, ನಾವು ಕುಡಿಯುವ ಲೋಟದಲ್ಲಿ ಯಾವ ಗಿಡ, ಎಷ್ಟು ಸಂಯುಕ್ತ ಇದೆ ಎಂಬುದು ಮುಖ್ಯ ಎಂದು ಎರಡೂ ಕಡೆಯವರು ಹೇಳಿದಂತಾಯಿತು.

ಆಟಿ ಕಷಾಯದಲ್ಲೂ ದೊಡ್ಡ ಅಪಾಯ ಇರುವುದು ಗಾಳಿಯಲ್ಲಲ್ಲ, ಗುರುತಿನಲ್ಲಿ. ನಸುಕಿನ ಕತ್ತಲಲ್ಲಿ ಹಾಲೆಯ ಬದಲು ಕಾಸರಕದ, ಅಂದರೆ ಕಾಯೆರ್ ಮರದ, ತೊಗಟೆ ಕೆತ್ತಿ ತಂದರೆ ಅದರಲ್ಲಿರುವ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಪ್ರಾಣಕ್ಕೇ ಎರವಾಗಬಲ್ಲವು.

ಹಾಗಾದರೆ ಏನು ಮಾಡೋಣ?

ಗಿಡಮೂಲಿಕೆಗಳನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಮೂರು ಎಚ್ಚರಿಕೆಗಳು ಸಾಕು. ಮರ ಬಲ್ಲವರಿಂದ ಹಗಲಲ್ಲೇ ಗುರುತು ಹಾಕಿಸಿಕೊಳ್ಳದೆ ತೊಗಟೆ ತರಬೇಡಿ. ಆರೋಗ್ಯಕ್ಕೆ ಒಳ್ಳೆಯದೆಂದು ಯಾವ ಕಷಾಯವನ್ನೂ ತಿಂಗಳುಗಟ್ಟಲೆ ದಿನವೂ ಕುಡಿಯಬೇಡಿ. ಗರ್ಭಿಣಿಯರು, ಯಕೃತ್ತು ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಹೃದಯ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಲೇಬೇಡಿ. ಕುಡಿಯುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಕೆಲವು ಗಿಡಗಳ ಕೆಲವು ಸಂಯುಕ್ತಗಳು ಹೆಚ್ಚುತ್ತವೆ, ಕೆಲವು ಕಡಿಮೆಯಾಗುತ್ತವೆ, ವಿಷವೂ ಹೆಚ್ಚಬಹುದು, ಅನ್ನದ ಪೋಷಕಾಂಶ ಕುಸಿಯುತ್ತದೆ. ಇಂಗಾಲದ ಡೈಆಕ್ಸೈಡ್ ವರವೆಂದೋ, ಗಿಡಮೂಲಿಕೆ ಪೂರ್ತಿ ವ್ಯರ್ಥವೆಂದೋ ಸಂದೇಶ ಬಂದರೆ, ಮುಂದೆ ಕಳಿಸುವ ಮೊದಲು ಯಾವ ಗಿಡ, ಯಾವ ಸಂಯುಕ್ತ, ಎಷ್ಟು ಪ್ರಮಾಣ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ.