ದತ್ತಾಂಶಕ್ಕೆ ಶ್ರೇಣಿ ಇರಲಿ, ರಕ್ಷಣೆಯಲ್ಲಿ ತಾರತಮ್ಯ ಬೇಡ

ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಸಂಭವಿಸಿದ ಅಗ್ನಿ ಅನಾಹುತ, ಕಡತಗಳನ್ನು ಗಣಕಕ್ಕೆ ಒಪ್ಪಿಸಿರುವ ಎಲ್ಲ ಸರ್ಕಾರಗಳಿಗೂ ಎಚ್ಚರಿಕೆಯ ಗಂಟೆಯಾಗಿದೆ. ಲೀಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕಾಮಗಾರಿಯ ವೇಳೆ ಹೊತ್ತಿಕೊಂಡ ಬೆಂಕಿಯಿಂದಾಗಿ ಆರುನೂರಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ಸ್ಥಗಿತಗೊಂಡವು. ಅವುಗಳಲ್ಲಿ ಬಹುತೇಕ ವ್ಯವಸ್ಥೆಗಳನ್ನು ಕ್ರಮೇಣ ಸರಿಪಡಿಸಲಾಯಿತು. ಆದರೆ ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇರಿಸುತ್ತಿದ್ದ ‘ಜಿ-ಡ್ರೈವ್’ ಎಂಬ ಸಂಗ್ರಹದ 858 ಟೆರಾಬೈಟ್ ದತ್ತಾಂಶ ನಾಶವಾಯಿತು. ಅದಕ್ಕೆ ಬೇರೆಡೆ ಪ್ರತಿ ಇರಲಿಲ್ಲ.

ಇದಕ್ಕೆ ಅಧಿಕಾರಿಗಳು ನೀಡಿದ ಕಾರಣ ಗಮನಾರ್ಹ. ಜಿ-ಡ್ರೈವ್ ಅಧಿಕ ಸಾಮರ್ಥ್ಯದ, ಆದರೆ ಕಡಿಮೆ ವೇಗದ ಸಂಗ್ರಹವಾಗಿದ್ದುದರಿಂದ ಅದರ ಪ್ರತಿಯನ್ನು ಹೊರಗೆ ಇಡುವುದು ಸಾಧ್ಯವಾಗಿರಲಿಲ್ಲ ಎಂಬುದು ಅವರ ವಿವರಣೆ. ಅಂದರೆ, ಕಡತದ ಮಹತ್ವಕ್ಕಿಂತ ಅದನ್ನು ಇರಿಸಿದ ಯಂತ್ರದ ದರ್ಜೆಯೇ ಅದರ ಭವಿಷ್ಯವನ್ನು ನಿರ್ಧರಿಸಿತು. ದತ್ತಾಂಶವನ್ನು ಬಳಕೆಗೆ ತಕ್ಕಂತೆ ಬೇರೆ ಬೇರೆ ದರ್ಜೆಯ ಸಂಗ್ರಹಗಳಿಗೆ ಸಾಗಿಸುವ ಪದ್ಧತಿ ಎಲ್ಲೆಡೆ ವ್ಯಾಪಿಸುತ್ತಿರುವಾಗ ಈ ಪ್ರಕರಣವನ್ನು ಕೇವಲ ಅಗ್ನಿ ಆಕಸ್ಮಿಕ ಎಂದು ಬದಿಗಿಡುವಂತಿಲ್ಲ.

ಪದ್ಧತಿಯ ಹಿಂದಿನ ತರ್ಕ

ಎಲ್ಲ ದತ್ತಾಂಶವನ್ನೂ ಅತಿ ವೇಗದ ಸಾಧನದಲ್ಲಿ ಇಡುವುದು ದುಬಾರಿ. ಆದ್ದರಿಂದ ಪದೇ ಪದೇ ಬೇಕಾಗುವುದನ್ನು ವೇಗದ ಎಸ್‌ಎಸ್‌ಡಿಗಳಲ್ಲಿ, ಆಗಾಗ ಬೇಕಾಗುವುದನ್ನು ಹಾರ್ಡ್ ಡಿಸ್ಕ್‌ಗಳಲ್ಲಿ, ಅಪರೂಪಕ್ಕೆ ಬೇಕಾಗುವುದನ್ನು ಅಗ್ಗದ ಮ್ಯಾಗ್ನೆಟಿಕ್ ಟೇಪುಗಳಲ್ಲಿ ಇಡಲಾಗುತ್ತದೆ. ಐಬಿಎಂ ಕಂಪನಿಯ ದೊಡ್ಡ ಗಣಕಗಳಲ್ಲಿ 1970ರ ದಶಕದಲ್ಲೇ ಈ ಏರ್ಪಾಡು ಬಳಕೆಗೆ ಬಂದಿತ್ತು. ಈಗ ಅಂತರ್ಜಾಲದ ಮೂಲಕ ಬಾಡಿಗೆಗೆ ದೊರೆಯುವ ಕ್ಲೌಡ್ ಸಂಗ್ರಹಗಳು ಈ ಕೆಲಸವನ್ನು ಸ್ವಯಂಚಾಲಿತವಾಗಿ ಮಾಡುತ್ತವೆ. ಅಮೆಜಾನ್ 2018ರಲ್ಲಿ ಆರಂಭಿಸಿದ ಇಂತಹ ಸೇವೆಯೊಂದರಲ್ಲಿ, 30 ದಿನ ಯಾರೂ ತೆರೆಯದ ಕಡತ ಅಗ್ಗದ ದರ್ಜೆಗೆ ತಾನಾಗಿಯೇ ಇಳಿಯುತ್ತದೆ. ಯಾರಾದರೂ ತೆರೆದರೆ ಪುನಃ ಮೇಲಿನ ದರ್ಜೆಗೆ ಏರುತ್ತದೆ.

ಈ ಲೆಕ್ಕಾಚಾರದಲ್ಲಿ ಹುರುಳಿದೆ. ತನ್ನ ಜಾಲತಾಣಕ್ಕೆ ಬರುವ ಕೋರಿಕೆಗಳಲ್ಲಿ ಶೇ 82ರಷ್ಟು ಕೇವಲ ಶೇ 8ರಷ್ಟು ಚಿತ್ರಗಳಿಗೆ ಸಂಬಂಧಿಸಿವೆ ಎಂದು ಫೇಸ್‌ಬುಕ್ 2013ರಲ್ಲಿ ಹೇಳಿತ್ತು. ಉಳಿದ ಚಿತ್ರಗಳನ್ನೂ ಅದೇ ವೆಚ್ಚದಲ್ಲಿ ಸಾಕುವುದು ಯಾವ ಸಂಸ್ಥೆಗೂ ಜಾಣತನವಲ್ಲ. ಸಾರ್ವಜನಿಕ ಹಣ ಖರ್ಚು ಮಾಡುವ ಸರ್ಕಾರಗಳಿಗಂತೂ ಈ ಉಳಿತಾಯ ಅಗತ್ಯವೇ ಆಗಿದೆ.

ಆದರೆ ಉಳಿತಾಯಕ್ಕೆ ಷರತ್ತುಗಳಿವೆ. ಅತಿ ಅಗ್ಗದ ದರ್ಜೆಗೆ ಹೋದ ಕಡತ ಕೇಳಿದ ಕ್ಷಣದಲ್ಲಿ ಕೈಗೆ ಬಾರದು. ಅಮೆಜಾನ್‌ನ ಕಡೆಯ ದರ್ಜೆಯಿಂದ ಕಡತ ಮರಳಿ ಪಡೆಯಲು ಸಾಮಾನ್ಯವಾಗಿ 12 ಗಂಟೆ, ಕಡಿಮೆ ಶುಲ್ಕದ ವಿಧಾನದಲ್ಲಿ 48 ಗಂಟೆಯವರೆಗೆ ಕಾಯಬೇಕು. ಮರಳಿ ಪಡೆಯುವುದಕ್ಕೂ ಶುಲ್ಕವಿದೆ. ಇದಕ್ಕಿಂತ ಮುಖ್ಯವಾದ ತೊಡಕೆಂದರೆ, ಯಂತ್ರಕ್ಕೆ ಗೊತ್ತಾಗುವುದು ಕಡತವನ್ನು ಎಷ್ಟು ಬಾರಿ ತೆರೆಯಲಾಯಿತು ಎಂಬುದಷ್ಟೇ. ಅದು ಯಾರ ಬದುಕಿಗೆ ಆಧಾರ ಎಂಬುದು ಯಂತ್ರಕ್ಕೆ ತಿಳಿಯದು.

ಪಹಣಿಯ ಉದಾಹರಣೆ

ಈ ವ್ಯತ್ಯಾಸ ಕರ್ನಾಟಕಕ್ಕೆ ಚೆನ್ನಾಗಿ ಅರ್ಥವಾಗಬೇಕು. ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ ದೇಶಕ್ಕೇ ಮಾದರಿಯಾದ ರಾಜ್ಯವಿದು. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಂಗಳಲ್ಲಿ ಜೀರ್ಣವಾಗುತ್ತಿರುವ ಹಳೆಯ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ 2024ರಲ್ಲಿ ಆರಂಭವಾಯಿತು. ಚಾಲ್ತಿ ವರ್ಷದ ಪಹಣಿ ಬೆಳೆ ಸಾಲಕ್ಕೆ, ಪರಿಹಾರಕ್ಕೆ ನಿತ್ಯವೂ ಬೇಕು. ಆದರೆ ಐವತ್ತು ವರ್ಷ ಹಿಂದಿನ ಸಾಗುವಳಿ ಚೀಟಿಯನ್ನೋ ಭೂ ಮಂಜೂರಾತಿ ವಹಿಯನ್ನೋ ದಶಕಗಳ ಕಾಲ ಯಾರೂ ಕೇಳದೆ ಇರಬಹುದು.

ಬಳಕೆಯ ಅಳತೆಗೋಲಿನಲ್ಲಿ ಅಂತಹ ಕಡತ ಕಟ್ಟಕಡೆಯ ದರ್ಜೆಗೆ ಸೇರುತ್ತದೆ. ಅಷ್ಟರಮಟ್ಟಿಗೆ ತಪ್ಪಿಲ್ಲ. ಆದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಪರಿಶಿಷ್ಟ ಜಾತಿಯ ಕುಟುಂಬವೊಂದು ಪರಭಾರೆಯಾದ ಜಮೀನನ್ನು ಮರಳಿ ಕೇಳಿದಾಗ, ಮೂಲ ಮಂಜೂರಾತಿಯ ಆ ಹಾಳೆಯೇ ಇಡೀ ವ್ಯಾಜ್ಯದ ಜೀವಾಳವಾಗುತ್ತದೆ. ಅದನ್ನು ಪಡೆಯಲು ಎರಡು ದಿನ ಕಾದರೆ ನಷ್ಟವಿಲ್ಲ. ಅದೇ ಇಲ್ಲವಾದರೆ ಕುಟುಂಬದ ಹಕ್ಕೇ ಅಪಾಯಕ್ಕೆ ಸಿಲುಕುತ್ತದೆ.

ಕೆಳ ದರ್ಜೆಯ ಸಂಗ್ರಹವೆಂದರೆ ದುರ್ಬಲ ಸಂಗ್ರಹವೆಂದೇ ಅರ್ಥವಲ್ಲ. 2011ರ ಫೆಬ್ರುವರಿಯಲ್ಲಿ ತಂತ್ರಾಂಶದ ದೋಷದಿಂದ ಜಿಮೇಲ್ ಬಳಕೆದಾರರಲ್ಲಿ ಶೇ 0.02ರಷ್ಟು ಜನರ ಅಂಚೆಪೆಟ್ಟಿಗೆಗಳು ಬರಿದಾಗಿದ್ದವು. ಬೇರೆ ಬೇರೆ ಕೇಂದ್ರಗಳಲ್ಲಿದ್ದ ಪ್ರತಿಗಳಿಗೂ ಆ ದೋಷ ತಗುಲಿತ್ತು. ಗೂಗಲ್‌ನ ಕೈಹಿಡಿದದ್ದು ಜಾಲದಿಂದ ಹೊರಗಿದ್ದ ಟೇಪುಗಳು. ನಿಧಾನವಾದರೂ ಪತ್ರಗಳು ಮರಳಿದವು. ಡೇಜಾನ್‌ನಲ್ಲಿ ಅಂತಹ ಇನ್ನೊಂದು ಪ್ರತಿಯೇ ಇರಲಿಲ್ಲ.

ಆದ್ದರಿಂದ ಸರ್ಕಾರಗಳು ಎರಡು ನಿರ್ಧಾರಗಳನ್ನು ಬೇರೆ ಬೇರೆಯಾಗಿಯೇ ಕೈಗೊಳ್ಳಬೇಕು. ಕಡತ ಎಲ್ಲಿರಬೇಕು, ಎಷ್ಟು ಬೇಗ ಸಿಗಬೇಕು ಎಂಬುದನ್ನು ಬಳಕೆಯ ಅಂಕಿಅಂಶ ನಿರ್ಧರಿಸಲಿ. ಅದರ ಎಷ್ಟು ಪ್ರತಿ ಇರಬೇಕು, ಎಷ್ಟು ವರ್ಷ ಉಳಿಯಬೇಕು ಎಂಬುದನ್ನು ಕಾನೂನು ಮತ್ತು ಆಡಳಿತ ನಿರ್ಧರಿಸಬೇಕು. ಪ್ರತಿಗಳು ಒಂದೇ ಕಟ್ಟಡದಲ್ಲಿರಬಾರದು. ಅವುಗಳನ್ನು ಮರಳಿ ಪಡೆಯಲು ನಿಜವಾಗಿಯೂ ಸಾಧ್ಯವೇ ಎಂಬ ಪರೀಕ್ಷೆ ಕಾಲಕಾಲಕ್ಕೆ ನಡೆಯಬೇಕು. ಹಳೆಯ ಕಾಗದವನ್ನು ಸ್ಕ್ಯಾನ್ ಮಾಡಿದೊಡನೆ ಹೊಣೆ ಮುಗಿಯಿತೆಂದು ಭಾವಿಸಿದರೆ, ಗೆದ್ದಲಿನಿಂದ ಪಾರಾದ ದಾಖಲೆ ಬೆಂಕಿಗೆ ಆಹುತಿಯಾಗಲು ಬಿಟ್ಟಂತಾಗುತ್ತದೆ.