ಮಲೆನಾಡಿಗೆ ಬಯಲುಸೀಮೆಯ ಸೈಕಲ್ ಯಾಕೆ?

"ಮಲೆನಾಡಲ್ಲಿ ಸೈಕಲ್ ಎಲ್ಲ ನಡೆಯಲ್ಲ ಮಾರಾಯ್ರೆ." ತಾಳಗುಪ್ಪದಿಂದ ತೀರ್ಥಹಳ್ಳಿಯವರೆಗೆ ಯಾವ ಊರಿನ ಕಟ್ಟೆಯಲ್ಲಿ ಕೂತರೂ ಈ ಮಾತು ಕೇಳಿಸುತ್ತದೆ. ಹೇಳುವವರು ಪುರಾವೆಯನ್ನೂ ತೋರಿಸುತ್ತಾರೆ: ಕೊಟ್ಟಿಗೆಯ ಮೂಲೆಯಲ್ಲಿ ಸೊಪ್ಪಿನ ಹೊರೆಗೆ ಒರಗು ಕೊಟ್ಟು ತುಕ್ಕು ಹಿಡಿಯುತ್ತಿರುವ ಸರ್ಕಾರಿ ಸೈಕಲ್. ಆ ಸೈಕಲ್ ಮೂಲೆ ಸೇರಿದ್ದು ನಿಜ. ಆದರೆ ಅದಕ್ಕೆ ಗುಡ್ಡವನ್ನು ದೂರುವುದನ್ನು ನಾವು ಒಪ್ಪುವುದಿಲ್ಲ. ನಮ್ಮ ಏರಿಗೆ ತಕ್ಕ ಸೈಕಲನ್ನು ನಮ್ಮ ಮಕ್ಕಳಿಗೆ ಯಾರೂ ಕೊಟ್ಟೇ ಇಲ್ಲ. ಕೊಡದೇ ಇದ್ದ ಮೇಲೆ ಅದು ಸೋತಿತು ಅನ್ನುವುದು ಯಾವ ನ್ಯಾಯ?

ಕರ್ನಾಟಕ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ್ದು 2006-07ರಲ್ಲಿ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಏಳನೇ ತರಗತಿವರೆಗೆ ಊರಲ್ಲೇ ಓದಿದ ಮಗು ಹೈಸ್ಕೂಲಿಗೆ ಹೊರಡುವಾಗಲೇ ದೂರ ಎದುರಾಗುವುದು. ಆ ಹೊತ್ತಿಗೆ ಸರಿಯಾಗಿ ಸೈಕಲ್ ಕೈಗೆ ಬರುತ್ತಿತ್ತು. ಆದರೆ ರಾಯಚೂರಿನ ಎರೆ ಬಯಲಿನ ಮಗುವಿಗೂ ಹೊಸನಗರದ ಗುಡ್ಡದ ಮಗುವಿಗೂ ಒಂದೇ ಸೈಕಲ್. ಗೇರ್ ಇಲ್ಲ, ತೂಕ 20 ಕೆ.ಜಿ.ಯ ಆಸುಪಾಸು. ಟೆಂಡರ್ ಕಾಗದದಲ್ಲಿ ಗುಡ್ಡ ಕಾಣಿಸುವುದಿಲ್ಲ. ಕೊರೊನಾ ಬಂದಾಗ ಯೋಜನೆ ನಿಂತಿತು. ಮತ್ತೆ ಕೊಡಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೊಡುವುದಾದರೆ ಎಂಥದ್ದನ್ನು ಕೊಡಬೇಕು ಎಂದು ಮಲೆನಾಡಿನವರು ಈಗಲೇ ಗಟ್ಟಿಯಾಗಿ ಹೇಳಬೇಕು.

ಸೈಕಲ್ ಏನು ಮಾಡಬಲ್ಲದು ಎಂಬುದಕ್ಕೆ ಬಿಹಾರವನ್ನು ನೋಡಿ. ಅಲ್ಲಿ 2006ರಲ್ಲಿ ಒಂಬತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಯೋಜನೆ ಬಂತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ. 30ರ ಆಸುಪಾಸು ಏರಿದ್ದನ್ನು ಕಂಡರು. ಶಾಲೆ ದೂರ ಇದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ಈಗ ಬಿಹಾರದ ನೆಲ ಹೇಗಿದೆ ಯೋಚಿಸಿ. ಗಂಗೆಯ ಬಯಲು, ಅಂಗೈಯಷ್ಟು ಸಪಾಟು. ಅಲ್ಲಿ ಗೇರ್ ಇಲ್ಲದ ಸೈಕಲ್ ಸಾಕು. ಅದೇ ಸೈಕಲನ್ನು ಇಲ್ಲಿ ತಂದು ನಿಲ್ಲಿಸಿ ಅದೇ ಫಲ ಬರಲಿ ಅಂದರೆ ಬರುವುದಿಲ್ಲ.

ನಮ್ಮ ನೆಲದ ಗುಣವೇ ಬೇರೆ. ತಾಳಗುಪ್ಪ–ಸಾಗರದ ಹೆದ್ದಾರಿಯನ್ನು ನೋಡಿ "ಅಷ್ಟೇನು ಏರಿಲ್ಲವಲ್ಲ" ಅನ್ನುವವರಿದ್ದಾರೆ. ನಮ್ಮ ಮನೆಗಳಿರುವುದು ಹೆದ್ದಾರಿ ಮೇಲಲ್ಲ. ಅಡಿಕೆ ತೋಟ ತಗ್ಗಿನಲ್ಲಿ, ಮನೆ ತೋಟದ ಅಂಚಿನಲ್ಲಿ, ಡಾಂಬರು ರಸ್ತೆ ಗುಡ್ಡದ ನೆತ್ತಿಯಲ್ಲಿ. ಮನೆಯಿಂದ ಹೊರಟ ಕೂಡಲೇ ಏರು. ಬೆಳಗ್ಗೆ ಒಂಬತ್ತಕ್ಕೆ ಪುಸ್ತಕದ ಚೀಲ ಹೊತ್ತು, ಇನ್ನೂ ಬೆವರು ಕಾಣದ ಮೈಯಲ್ಲಿ, ದಿನದ ಅತಿ ಕಡಿದಾದ ಅರ್ಧ ಕಿಲೋಮೀಟರ್. ಅಲ್ಲಿ ಇಳಿದು ತಳ್ಳಬೇಕಾದರೆ ಮಗುವಿಗೆ ಸೈಕಲ್ ವಾಹನವಲ್ಲ, 20 ಕೆ.ಜಿ. ಹೊರೆ.

ಇದು ಮಗುವಿನ ಸೋಮಾರಿತನ ಅನ್ನುವವರಿಗಾಗಿ ಒಂದು ಲೆಕ್ಕ ಕೊಡುತ್ತೇವೆ. ಹಳೆಯ ಮಾದರಿ ಸೈಕಲಿನ ಪೆಡಲ್ ಬಳಿಯ ಹಲ್ಲುಚಕ್ರದಲ್ಲಿ ಸಾಮಾನ್ಯವಾಗಿ 44 ಹಲ್ಲು, ಹಿಂದಿನ ಫ್ರೀವೀಲ್‌ನಲ್ಲಿ 18. ಅಂದರೆ ಪೆಡಲ್ ಒಂದು ಸುತ್ತು ಸುತ್ತಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು. 28 ಇಂಚಿನ ಗಾಲಿ ಒಂದು ಸುತ್ತಿಗೆ 2.2 ಮೀಟರ್ ಹೋಗುತ್ತದೆ. ಹಾಗಾಗಿ ಪೆಡಲಿನ ಪ್ರತಿ ಸುತ್ತಿಗೆ ಸೈಕಲ್ 5.4 ಮೀಟರ್ ಮುಂದೆ ಹೋಗಬೇಕು. ಸಪಾಟು ರಸ್ತೆಯಲ್ಲಿ ಇದು ಸುಖ.

ಈಗ 100 ಮೀಟರ್‌ಗೆ 8 ಮೀಟರ್ ಏರುವ ರಸ್ತೆ ಅಂದುಕೊಳ್ಳಿ. ನಮ್ಮ ಕಡೆ ಇದೇನು ಅಪರೂಪವಲ್ಲ. ಮಗು 40 ಕೆ.ಜಿ., ಸೈಕಲ್ 20, ಚೀಲ 5. ಒಟ್ಟು 65 ಕೆ.ಜಿ. ಹತ್ತಿರ ಹತ್ತಿರ ಒಂದು ಅಡಿಕೆ ಮೂಟೆ. ಪೆಡಲಿನ ಪ್ರತಿ ಸುತ್ತಿಗೆ ಆ ಮೂಟೆಯನ್ನು 43 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿಗೆ ತುಸು ಕಡಿಮೆ, ಮೇಲೆತ್ತಬೇಕು. ಎದ್ದು ನಿಂತು ತನ್ನ ಮೈಭಾರವನ್ನೆಲ್ಲ ಪೆಡಲಿಗೆ ಹಾಕಿದರೂ ಮಗು ನಾಲ್ಕು ಸುತ್ತಿಗೆ ಸುಸ್ತು. ಐದನೆಯದಕ್ಕೆ ಇಳಿಯುತ್ತದೆ. ಇಳಿಯದಿದ್ದರೆ ಆಶ್ಚರ್ಯ.

ಅದೇ ಏರಿಗೆ ಮುಂದೆ 28 ಹಲ್ಲು, ಹಿಂದೆ 34 ಹಲ್ಲಿನ ಗೇರ್ ಹಾಕಿ. ಪ್ರತಿ ಸುತ್ತಿಗೆ ಸೈಕಲ್ ಮುಂದೆ ಹೋಗುವುದು ಸುಮಾರು 1.8 ಮೀಟರ್. ಮೂಟೆ ಏರುವುದು 14 ಸೆಂಟಿಮೀಟರ್, ಮುಕ್ಕಾಲು ಗೇಣೂ ಇಲ್ಲ. ಕೆಲಸವೇನೂ ಮಾಯವಾಗಲಿಲ್ಲ; ಅದೇ ಏರನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿದ್ದಷ್ಟೇ. ಮೊದಲು 100 ಮೀಟರ್‌ಗೆ 19 ಸುತ್ತು ಸಾಕಿತ್ತು, ಈಗ 56 ಸುತ್ತು ಬೇಕು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಆರೂವರೆ ಕಿಲೋಮೀಟರ್. ವೇಗವೇನಲ್ಲ. ಆದರೂ ತಳ್ಳಿಕೊಂಡು ನಡೆಯುವುದಕ್ಕಿಂತ ಬೇಗ, ಅದೂ ಕೂತುಕೊಂಡೇ.

"ಗೇರ್ ಎಲ್ಲ ಮೈಬಗ್ಗದವರಿಗೆ, ನಮ್ಮ ಕಾಲದಲ್ಲಿ ಎಲ್ಲಿತ್ತು" ಅನ್ನುವ ಹಿರಿಯರಿಗೆ ಗೌರವದಿಂದಲೇ ಒಂದು ಮಾತು. ಟೂರ್ ದ ಫ್ರಾನ್ಸ್ ಎಂಬ ಜಗತ್ತಿನ ದೊಡ್ಡ ಸೈಕಲ್ ಪಂದ್ಯ ಶುರುಮಾಡಿದ ಆನ್ರಿ ದೆಗ್ರಾಂಜ್ ಕೂಡ ಇದನ್ನೇ ಹೇಳುತ್ತಿದ್ದ: ಗೇರ್ ಏನಿದ್ದರೂ ನಲವತ್ತೈದು ದಾಟಿದವರಿಗೆ ಎಂದು. ಅವನ ಹಟದಿಂದ ಚೈನು ದಾಟಿಸುವ ಗೇರ್‌ಗೆ ಆ ಪಂದ್ಯದಲ್ಲಿ 1937ರವರೆಗೆ ಜಾಗವೇ ಇರಲಿಲ್ಲ. ಅಲ್ಲಿಯವರೆಗೆ ಜಗಜಟ್ಟಿಗಳು ಪರ್ವತದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನು ಸಿಕ್ಕಿಸಿ ಹತ್ತುತ್ತಿದ್ದರು. ಇಂದು ಗೇರ್ ಇಲ್ಲದೆ ಆ ಪಂದ್ಯಕ್ಕೆ ಯಾರೂ ಹೋಗುವುದಿಲ್ಲ. ಜಗಜಟ್ಟಿಗಳಿಗೆ ಬೇಕಾದದ್ದು ನಮ್ಮ ಎಂಟನೇ ತರಗತಿ ಹುಡುಗಿಗೆ ಬೇಡವೇ?

ಸರ್ಕಾರದ ಮೇಲೆ ಮಾತ್ರ ನಮ್ಮ ಸಿಟ್ಟಲ್ಲ. ಪೇಟೆಯ ಅಂಗಡಿಗಳಲ್ಲಿ ನಡೆಯುವುದನ್ನೂ ಹೇಳಬೇಕು. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ಮಗನಿಗೆ ಸೈಕಲ್ ಕೊಡಿಸಲು ಹೋಗುತ್ತಾನೆ. ಅಂಗಡಿಯವರು ತೋರಿಸುವುದು ದಪ್ಪ ಟೈರು, ನಡುವೆ ಸ್ಪ್ರಿಂಗು, ಮೈತುಂಬ ಸ್ಟಿಕ್ಕರು, ಅದರಲ್ಲಿ ದೊಡ್ಡದಾಗಿ "21 ಗೇರ್". 21 ಅಂದರೆ ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಗುಣಿಸಿದ್ದಷ್ಟೇ. ಅದರಲ್ಲಿ ಎಷ್ಟೋ ಗೇರ್‌ಗಳು ಒಂದರಂತೆಯೇ ಇನ್ನೊಂದು. ಏರಿನಲ್ಲಿ ನಿಮ್ಮನ್ನು ಕಾಯುವುದು ಒಂದೇ ಗೇರ್: ಮುಂದಿನ ಅತಿ ಸಣ್ಣದು, ಹಿಂದಿನ ಅತಿ ದೊಡ್ಡದು. ಅದರ ಹಲ್ಲು ಎಷ್ಟು ಎಂದು ಸ್ಟಿಕ್ಕರ್ ಹೇಳುವುದಿಲ್ಲ. ಇನ್ನು ನಡುವಿನ ಸ್ಪ್ರಿಂಗು: ಅದು ತೂಕ ಹೆಚ್ಚಿಸುತ್ತದೆ, ಏರಿನಲ್ಲಿ ನೀವು ತುಳಿದ ಬಲದಲ್ಲಿ ಒಂದು ಪಾಲನ್ನು ತಾನೇ ಕುಗ್ಗಿ ಹಿಗ್ಗಿ ತಿಂದುಹಾಕುತ್ತದೆ. ನಮ್ಮ ಶಾಲೆಯ ದಾರಿಗೆ ಅದು ಬೇಡ.

ಆದ್ದರಿಂದ ಅಂಗಡಿಗೆ ಹೋದಾಗ ಕೂತು ಹಲ್ಲು ಎಣಿಸಿ. ನಾಚಿಕೆ ಬೇಡ, ದನ ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ? ಲೆಕ್ಕ ಸುಲಭ. ಮುಂದಿನ ಸಣ್ಣ ಚಕ್ರದ ಹಲ್ಲನ್ನು ಹಿಂದಿನ ದೊಡ್ಡ ಚಕ್ರದ ಹಲ್ಲಿನಿಂದ ಭಾಗಿಸಿ, ಎರಡರಿಂದ ಗುಣಿಸಿ. ಪೆಡಲಿನ ಒಂದು ಸುತ್ತಿಗೆ ಸೈಕಲ್ ಎಷ್ಟು ಮೀಟರ್ ಹೋಗುತ್ತದೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ.

ನಿಮ್ಮ ಏರು ಎಷ್ಟು ಎಂದು ತಿಳಿಯಲು ಕೈಯಲ್ಲಿರುವ ಫೋನೇ ಸಾಕು. ಮಟ್ಟ ನೋಡುವ ಆ್ಯಪ್ ತೆರೆದು, ರಸ್ತೆಯ ಮೇಲೆ ನೇರವಾದ ಹಲಗೆ ಇಟ್ಟು, ಅದರ ಮೇಲೆ ಫೋನ್ ಇಡಿ. ಒಂದು ಡಿಗ್ರಿ ಅಂದರೆ 100 ಮೀಟರ್‌ಗೆ ಸುಮಾರು ಒಂದೂಮುಕ್ಕಾಲು ಮೀಟರ್ ಏರು. ಮೂರು ಡಿಗ್ರಿಯೊಳಗಿದ್ದರೆ ಒಂದು ಸುತ್ತಿಗೆ ಎರಡೂವರೆ ಮೀಟರ್ ಹೋಗುವ ಗೇರ್ ನಡೆಯುತ್ತದೆ. ಮೂರರಿಂದ ಐದಾದರೆ ಎರಡು ಮೀಟರ್. ಐದು ದಾಟಿದರೆ ಅದಕ್ಕಿಂತಲೂ ಕಡಿಮೆ ಬೇಕು. ಇಷ್ಟನ್ನೂ ಮರೆತರೆ ಒಂದೇ ಮಾತು ನೆನಪಿಡಿ: ಮುಂದಿನ ಸಣ್ಣ ಚಕ್ರದ ಹಲ್ಲು ಹಿಂದಿನ ದೊಡ್ಡ ಚಕ್ರದ ಹಲ್ಲಿಗಿಂತ ಹೆಚ್ಚಿರಬಾರದು.

ಕಾಲೇಜು ಹುಡುಗರು ಈಗ ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕ್ ಕೇಳುತ್ತಾರೆ. ಬೆಂಗಳೂರಿನವರು ಜೋಗಕ್ಕೋ ಆಗುಂಬೆಗೋ ಅದರಲ್ಲಿ ಬಂದದ್ದನ್ನು ನೋಡಿರುತ್ತಾರೆ. ಅದು ಹಗುರ, ವೇಗ, ಒಳ್ಳೆಯ ಡಾಂಬರಿಗೆ ಹೇಳಿ ಮಾಡಿಸಿದ್ದು. ಆದರೆ ಅದರ ಸಣ್ಣ ಗೇರ್ ಸಾಮಾನ್ಯವಾಗಿ ಮುಂದೆ 34, ಹಿಂದೆ 28. ಸುತ್ತಿಗೆ ಎರಡೂವರೆ ಮೀಟರ್. ತೆಳು ಟೈರು ನಮ್ಮ ಜಲ್ಲಿ, ಮಣ್ಣು, ಸಂಕದ ದಾರಿಗೆ ಹೊಂದುವುದಿಲ್ಲ. ದಿನಾ ಓಡಾಡುವವರಿಗೆ ನಾವು ಹೇಳುವುದು ಹೈಬ್ರಿಡ್: ನೇರ ಹ್ಯಾಂಡಲ್, 35ರಿಂದ 40 ಮಿಲಿಮೀಟರ್ ಟೈರು, ಮುಂದೆ ಮೂರು ಚಕ್ರ, ಸಣ್ಣದು 28 ಅಥವಾ ಅದಕ್ಕಿಂತ ಕಡಿಮೆ. "ಮುಂದೆ ಒಂದೇ ಚಕ್ರ, ಹಿಂದೆ ಏಳು" ಇರುವ ಸೈಕಲೂ ಆಗಬಹುದು, ಆದರೆ ಮುಂದಿನದು 32, ಹಿಂದಿನ ದೊಡ್ಡದು 34 ಇದ್ದರೆ ಮಾತ್ರ. ಮುಂದೆ 42 ಇಟ್ಟು ಮಾರುವುದನ್ನು ಬಯಲಿನವರಿಗೆ ಬಿಡಿ.

ಏರಿದ್ದನ್ನು ಇಳಿಯಲೇಬೇಕು. ಸಂಜೆ ಮನೆಯ ಕಡೆಗೆ ಅದೇ ಅರ್ಧ ಕಿಲೋಮೀಟರ್ ಇಳಿಜಾರು, ಮೇಲೆ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಕಬ್ಬಿಣದ ರಿಮ್ಮು ಒದ್ದೆಯಾದರೆ ರಾಡ್ ಬ್ರೇಕ್ ಹಿಡಿಯುವುದೇ ಇಲ್ಲ. ಗಾಲಿಯ ನಡುವೆ ತಟ್ಟೆ ಇರುವ ಡಿಸ್ಕ್ ಬ್ರೇಕ್ ನಮ್ಮಲ್ಲಿ ಶೋಕಿಯಲ್ಲ, ಜೀವದ ಪ್ರಶ್ನೆ. ಅದಿಲ್ಲದಿದ್ದರೆ ಅಲ್ಯೂಮಿನಿಯಂ ರಿಮ್ಮಾದರೂ ಇರಲಿ. ಮಡ್‌ಗಾರ್ಡ್ ಇರಲೇಬೇಕು.

ಹೊಸದು ಕೊಳ್ಳಲು ಆಗದವರು ಕೊಟ್ಟಿಗೆಯ ಸೈಕಲನ್ನೇ ಹೊರತೆಗೆಯಿರಿ. ಹಿಂದಿನ 18 ಹಲ್ಲಿನ ಫ್ರೀವೀಲ್ ಬದಲು 22 ಹಲ್ಲಿನದ್ದು ಹಾಕಿಸಿ, ಚೈನಿಗೆ ಎರಡು ಕೊಂಡಿ ಸೇರಿಸಿ. ಸುತ್ತಿಗೆ 5.4 ಮೀಟರ್ ಇದ್ದದ್ದು 4.4ಕ್ಕೆ ಇಳಿಯುತ್ತದೆ. ಕಡಿದಾದ ಏರಿಗೆ ಇದು ಸಾಲದು, ಸಣ್ಣಪುಟ್ಟ ಏರಿಗೆ ಸಾಕು.

"ಗೇರ್ ಕೆಟ್ಟರೆ ಹಳ್ಳಿಯಲ್ಲಿ ಯಾರು ರಿಪೇರಿ ಮಾಡುತ್ತಾರೆ?" ಇದು ನಿಜವಾದ ಪ್ರಶ್ನೆ. ಆದರೆ ಮೋಟಾರ್ ಬೈಕ್ ಬಂದಾಗಲೂ, ಕಳೆ ಕೊಚ್ಚುವ ಯಂತ್ರ ಬಂದಾಗಲೂ ಇದೇ ಪ್ರಶ್ನೆ ಇತ್ತು. ಇಂದು ಕಳೆಯಂತ್ರದ ಕಾರ್ಬ್ಯುರೇಟರ್ ಬಿಚ್ಚುವ ಹುಡುಗರು ಊರೂರಲ್ಲಿದ್ದಾರೆ. ಗೇರ್ ಎಂದರೆ ಒಂದು ತಂತಿ, ಒಂದು ಸ್ಪ್ರಿಂಗು, ಎರಡು ತಿರುಪು. ವಾರದ ತರಬೇತಿ ಕೊಟ್ಟರೆ ಐಟಿಐ ಹುಡುಗರು ಕಲಿಯುತ್ತಾರೆ, ನಾಲ್ಕು ಕಾಸೂ ನೋಡುತ್ತಾರೆ.

"ಬಸ್ಸಿದೆಯಲ್ಲ" ಅನ್ನುವವರೂ ಇದ್ದಾರೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಸಂತೋಷ. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್. ಅದೂ ಬಾರದ ಊರುಗಳೆಷ್ಟಿಲ್ಲ? ಕೊನೆಗೆ ಮನೆಯವರು ಹದಿನಾಲ್ಕರ ಹುಡುಗನ ಕೈಗೆ ಸ್ಕೂಟಿ ಕೊಡುತ್ತಾರೆ. 2019ರ ತಿದ್ದುಪಡಿಯ ಪ್ರಕಾರ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು. ಅಪಘಾತವಾದರೆ ದಂಡದ ಮಾತೇ ಸಣ್ಣದು.

"ಗೇರ್ ಸೈಕಲಿಗೆ ದುಡ್ಡು ಹೆಚ್ಚು" ಅನ್ನುವುದು ಕೊನೆಯ ವಾದ. ಹೆಚ್ಚೇ. ಆದರೆ ಅಗ್ಗದ್ದನ್ನು ಕೊಟ್ಟು ಅದು ಕೊಟ್ಟಿಗೆ ಸೇರಿದರೆ ಖರ್ಚಾದದ್ದು ಪೂರ್ತಿ ನಷ್ಟ. ಸ್ವಲ್ಪ ಹೆಚ್ಚು ಕೊಟ್ಟದ್ದು ಮೂರು ವರ್ಷ ಶಾಲೆಗೆ ಹೋಗಿಬಂದರೆ ಅದು ಉಳಿತಾಯ.

ಹಾಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪರವಾಗಿ ನಾವು ಕೇಳುವುದು ಮೂರು. ಸೈಕಲ್ ಯೋಜನೆ ಮತ್ತೆ ಬಂದರೆ ಮಲೆನಾಡಿಗೆ ಬೇರೆ ಟೆಂಡರ್ ಕರೆಯಿರಿ. ಅದರಲ್ಲಿ "ಗೇರ್ ಇರಬೇಕು" ಎಂದಷ್ಟೇ ಬರೆದರೆ ಸಾಲದು; ಮುಂದೆ 28, ಹಿಂದೆ 34, ಮಳೆಯಲ್ಲಿ ಹಿಡಿಯುವ ಬ್ರೇಕ್ ಎಂದು ಅಂಕಿ ಸಮೇತ ಬರೆಯಿರಿ. ತಾಲ್ಲೂಕಿಗೆ ಹತ್ತು ಜನರಿಗಾದರೂ ರಿಪೇರಿ ಕಲಿಸಿ, ಬಿಡಿಭಾಗ ಸಿಗುವಂತೆ ಮಾಡಿ.

ಓದಿದ ನೀವು ಮಾಡಬೇಕಾದ್ದೂ ಇದೆ. ಈ ವಾರ ನಿಮ್ಮ ಮನೆಯಿಂದ ಡಾಂಬರು ರಸ್ತೆಯವರೆಗಿನ ಏರನ್ನು ಫೋನಿನಲ್ಲಿ ಅಳೆಯಿರಿ. ಮನೆಯ ಸೈಕಲಿನ ಹಲ್ಲು ಎಣಿಸಿ. ಎರಡೂ ಅಂಕಿಗಳನ್ನು ಕಾಗದದಲ್ಲಿ ಬರೆದುಕೊಂಡು ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ, ನಿರ್ಣಯ ಪುಸ್ತಕದಲ್ಲಿ ದಾಖಲಿಸಿ, ಬಿಇಒ ಕಚೇರಿಗೆ ಕಳಿಸಿ. "ನಮ್ಮ ಕಡೆ ಸೈಕಲ್ ನಡೆಯಲ್ಲ" ಎಂದು ಇನ್ನೊಮ್ಮೆ ಯಾರಾದರೂ ಅಂದರೆ ಆ ಕಾಗದ ತೋರಿಸಿ, ಯಾವ ಸೈಕಲ್ ಎಂದು ಕೇಳಿ.