ಬಾಣಂತಿ ತವರಿಗೆ ಹೋದರೆ ಆರೈಕೆಯೂ ಜೊತೆಗೆ ಹೋಗಲಿ

ಅಟ್ಟಕ್ಕೆ ಹಾಕಿದ ಕಾಯಿ ಒಳ್ಳೆಯ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟು ದಿನ ಕಾದು, ಕೊನೆಯ ವಾರಗಳಲ್ಲಿ ಅಟ್ಟ ಸೋರಲು ಬಿಡುವ ರೈತ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಸಿಗಲಾರ. ಬಸುರಿಯನ್ನು ಒಂಬತ್ತು ತಿಂಗಳು ತಾಯಿ ಕಾರ್ಡ್ ಹಿಡಿದು ಕಾಯುವ ಸರ್ಕಾರ, ಹೆರಿಗೆಯಾದ ಮೇಲೆ ಹಿಡಿತ ಸಡಿಲಿಸಬಾರದು.

ದೊಡ್ಡ ಖರ್ಚಿನ ಮಾತಲ್ಲ ಇದು. 2011ರ ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಂತೆ, ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಆರು ಭೇಟಿಗೆ ಆಗ ಗೊತ್ತುಮಾಡಿದ್ದು 250 ರೂಪಾಯಿ. ಭೇಟಿಯೊಂದಕ್ಕೆ 42 ರೂಪಾಯಿಯೂ ಬೀಳುವುದಿಲ್ಲ.

ಆ ಭೇಟಿಯ ಬೆಲೆ ತಿಳಿಯಬೇಕಾದರೆ ಬಾಣಂತಿ ಕೋಣೆಯೊಳಗೆ ಹೋಗಬೇಕು. ಕಿಟಕಿ ಮುಚ್ಚಿದೆ, ಕಿವಿಯಲ್ಲಿ ಹತ್ತಿ, ತಲೆಗೆ ಬಟ್ಟೆ, ಪಕ್ಕದಲ್ಲಿ ಕೊಬ್ಬರಿ ಬೆಲ್ಲದ ತಟ್ಟೆ. ಮೈ ಸುಡುತ್ತಿದ್ದರೂ ‘ಬಾಣಂತಿ ಮೈ ಬಿಸಿ ಇರೋದೇ ಕಣವ್ವ’ ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಅದು ನಂಜಿನ ಜ್ವರವೇ ಎಂದು ಅನುಮಾನಿಸಿ ಆಸ್ಪತ್ರೆಗೆ ಕಳಿಸಲು ಒಂದು ಥರ್ಮಾಮೀಟರ್ ಮತ್ತು ಅದನ್ನು ಓದಬಲ್ಲ ಹೆಣ್ಣುಮಗಳು ಸಾಕು.

ಆದರೆ ನಮ್ಮಲ್ಲಿ ಬಾಣಂತನ ತವರುಮನೆಯದು. ಹೆಸರು ಚಿಕ್ಕನಾಯಕನಹಳ್ಳಿ ಕಡೆಯ ಗಂಡನ ಊರಿನ ಪಟ್ಟಿಯಲ್ಲಿ, ಬಾಣಂತಿ ತುರುವೇಕೆರೆ ಕಡೆಯ ತವರಿನಲ್ಲಿ. ಅಲ್ಲಿನ ಆಶಾಗೆ ಸುದ್ದಿ ಮುಟ್ಟದಿದ್ದರೆ ಆರೂ ದಿನಗಳು ಕೈತಪ್ಪುತ್ತವೆ.

ಕಡಿಮೆ ಖರ್ಚಿನಲ್ಲಿ ಜೀವ ಉಳಿಸುವ ದಾರಿಯನ್ನು ನಮ್ಮ ರಾಜ್ಯವೇ ಜಗತ್ತಿಗೆ ತೋರಿಸಿದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯರು ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. 1,620 ಮಹಿಳೆಯರ ಆ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ಅಗ್ಗದ ಮಾತ್ರೆ ಫಲ ಕೊಟ್ಟದ್ದು ಸರಿಯಾದ ಗಳಿಗೆಯಲ್ಲಿ ತರಬೇತಾದ ಕೈಯೊಂದು ಅಲ್ಲಿದ್ದದ್ದರಿಂದ.

ಅಗ್ಗವಾದದ್ದೆಲ್ಲ ಉಳಿತಾಯವಲ್ಲ ಎಂಬುದನ್ನೂ ಕಂಡಿದ್ದೇವೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲಾಗಿ ಸತ್ತಾಗ, ಅವರಿಗೆ ಏರಿಸಿದ ದ್ರಾವಣದ ಗುಣಮಟ್ಟವೇ ಪ್ರಶ್ನೆಗೆ ಒಳಗಾಯಿತು. ಔಷಧದ ಪರೀಕ್ಷೆಯಲ್ಲಿ, ಆಶಾಗಳ ಸಂಭಾವನೆಯಲ್ಲಿ ಜಿಪುಣತನ ಸಲ್ಲದು.

ಕೇಳುವುದು ಇಷ್ಟೇ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ‘ಯಾವ ಊರಿಗೆ ಹೋಗ್ತೀಯಮ್ಮ?’ ಎಂದು ಕೇಳಿ ತಾಯಿ ಕಾರ್ಡ್ ಮೇಲೆ ಬರೆಯಲಿ. ಅಂದೇ ಆ ಊರಿನ ಆಶಾಗೆ ಫೋನ್ ಹೋಗಲಿ. ಭೇಟಿಯ ಹಣ ಹೋಗಿ ನೋಡಿದವಳಿಗೇ, ತಿಂಗಳು ತಪ್ಪದೆ, ಇಂದಿನ ಬಸ್ ಚಾರ್ಜು ನೋಡಿ ಹೆಚ್ಚಿಸಿದ ದರದಲ್ಲಿ ಸಿಗಲಿ. ಮೂರನೇ ದಿನ ತವರಿನ ಬಾಗಿಲು ತಟ್ಟಲು ಒಬ್ಬಳು ಬಂದೇ ಬರಬೇಕು.